ಸಹಾಯ ಬೇಕು: ಲಿನಕ್ಸ್‌ನಲ್ಲಿ ಡಿವಿಡಿ ಅರ್ಧಕ್ಕೇ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಕಂಪ್ಯೂಟರಿನಲ್ಲಿರುವುದು ಉಬುಂಟು 22.04, ಪ್ಲೇಯರ್ ವಿಎಲ್‌ಸಿ. ಮೊದಲು ಅಂಗಡಿಯ ಡಿವಿಡಿಗಳು ಯಾವುವೂ ಓಡುತ್ತಿರಲಿಲ್ಲ. ಲಿಬ್‌ಡಿವಿಡಿ-ಪಿಕೆಜಿ (ಅಂಗಡಿ ಡಿವಿಡಿಗಳ ಬೀಗ ಬಿಡಿಸುವ ಲೈಬ್ರರಿ ತರುವ ಪ್ಯಾಕೇಜ್) ಹಾಕಿ, ಆಮೇಲೆ ಅದರ ಅಳವಡಿಕೆ ಪೂರ್ತಿಮಾಡುವ ಡಿಪಿಕೆಜಿ-ರೀಕಾನ್ಫಿಗರ್ ಆಜ್ಞೆ ಕೊಟ್ಟ ಮೇಲೆ ಅವು ಸರಿಹೋದವು. (ಆ ಎರಡನೇ ಹೆಜ್ಜೆ ಮಾಡದಿದ್ದರೆ ಡಿವಿಡಿ ಓಡುವುದೇ ಇಲ್ಲ, ನನಗೆ ಅದು ಗೊತ್ತಾಗಲು ಎರಡು ದಿನ ಹಿಡಿಯಿತು.)

ಈಗ ಉಳಿದಿರುವುದು ಒಂದೇ ಡಿಸ್ಕ್, ಆದರೆ ನನಗೆ ಅದೇ ಮುಖ್ಯ. ತೀರಿಹೋದ ಅಜ್ಜಿ ಹಾಡಿದ್ದನ್ನು ಮನೆಯಲ್ಲೇ ರೆಕಾರ್ಡ್ ಮಾಡಿದ ಡಿವಿಡಿ-ಆರ್ ಅದು. ಬೇರೆ ಪ್ರತಿ ಇಲ್ಲ. 22ನೇ ನಿಮಿಷದವರೆಗೆ ಚೆನ್ನಾಗಿ ಓಡುತ್ತದೆ. ಅಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು, ದನಿ ತುಂಡಾಗಿ, ಡ್ರೈವ್ ಕಟಕಟ ಸದ್ದು ಮಾಡಿ ನಿಂತುಬಿಡುತ್ತದೆ. ಡಿಮೆಸೇಜ್‌ನಲ್ಲಿ (ಲಿನಕ್ಸ್ ಕರ್ನಲ್ ಸಂದೇಶಗಳ ಪಟ್ಟಿ) ಎಸ್‌ಆರ್0, ಅಂದರೆ ಡಿವಿಡಿ ಡ್ರೈವ್ ಹೆಸರಿನ ಮುಂದೆ ಐ/ಓ ಎರರ್ (ಓದುವಾಗಿನ ದೋಷ) ಸಾಲುಗಳು. ಮನೆಯ ರೆಕಾರ್ಡಿಂಗ್ ಆದ್ದರಿಂದ ಇದು ಎನ್‌ಕ್ರಿಪ್ಷನ್ (ನಕಲು ತಡೆಯುವ ಗೂಢಲಿಪಿ) ಅಥವಾ ರೀಜನ್ ಕೋಡ್ (ಡಿಸ್ಕ್ ಯಾವ ಪ್ರದೇಶದಲ್ಲಿ ಓಡಬಹುದೆಂಬ ಗುರುತು) ತೊಂದರೆಯಲ್ಲ, ಓದುವುದೇ ಆಗುತ್ತಿಲ್ಲ ಅನ್ನುವುದು ನನ್ನ ಅಂದಾಜು.

ಹಾಳಾದ ಡಿಸ್ಕಿನಿಂದ ಓದಲಾಗುವಷ್ಟನ್ನು ಉಳಿಸಿಕೊಳ್ಳುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಲ್ಲಿ ಸೆಕ್ಟರ್ (ಡಿಸ್ಕಿನ ಒಂದು ತುಣುಕು) ಅಳತೆ 2048 ಬೈಟ್ ಕೊಟ್ಟು, ಮ್ಯಾಪ್ ಫೈಲ್ (ಯಾವ ಭಾಗ ಓದಿಯಾಯಿತು, ಯಾವುದು ಉಳಿಯಿತು ಎಂಬ ದಾಖಲೆ) ಇಟ್ಟುಕೊಂಡು ಐಎಸ್‌ಓ (ಇಡೀ ಡಿಸ್ಕಿನ ಪ್ರತಿಯ ಫೈಲ್) ತೆಗೆಯಬೇಕೆಂದಿದ್ದೇನೆ. ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಬೇರೆ ಡ್ರೈವ್‌ನಲ್ಲಿ ಮುಂದುವರಿಸಿ ಉಳಿದ ಭಾಗ ಸಿಕ್ಕಿದವರು ಯಾರಾದರೂ ಇದ್ದೀರಾ? ಡಿಸ್ಕನ್ನು ಮೊದಲೇ ಒರೆಸಬೇಕೇ, ಅಥವಾ ಒಂದು ಸಲ ಹಾಗೆಯೇ ಓದಿಸಿ ನೋಡಬೇಕೇ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ, ಅಲ್ಲಿಯವರೆಗೆ ಡಿಸ್ಕ್ ಮುಟ್ಟುವುದಿಲ್ಲ.