ಪ್ರಶ್ನೋತ್ತರ: ಬೇರೆ ಸಂಸ್ಕೃತಿ, ಬೇರೆ ಭಾಷೆ, ಮನಸ್ಸಿನ ಕಾಯಿಲೆ

ಕಾಗದದ ದೋಣಿ: ಮೇಡಂ, ಥೆರಪಿಸ್ಟ್ ನಮ್ಮ ಸಮುದಾಯದವರೇ ಆಗಿರಬೇಕಾ?

ಮನಶ್ಶಾಸ್ತ್ರಜ್ಞೆ: ಬೇಕೇ ಬೇಕು ಅಂತೇನಿಲ್ಲ. ಕೆಲವರಿಗೆ ಅದರಿಂದ ನಿರಾಳ, ಇನ್ನು ಕೆಲವರಿಗೆ ವಿಷಯ ಪರಿಚಯದವರ ಕಿವಿಗೆ ಬಿದ್ದೀತು ಅನ್ನೋ ಭಯ. ತಮಗೆ ಗೊತ್ತಿಲ್ಲದ್ದನ್ನು ನಿಮ್ಮನ್ನೇ ಕೇಳಿ ತಿಳಿದುಕೊಳ್ಳುತ್ತಾರಾ, ಅದನ್ನು ನೋಡಿ.

ಇಬ್ಬನಿ: ನಾವು ಹೊರದೇಶದಲ್ಲಿದ್ದೇವೆ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಇಲ್ಲಿಗೆ ಕರೆಸಿಕೊಂಡೆವು. ಅವರಿಗೆ ಮಾವನ ದನಿ ಕೇಳಿಸುತ್ತದಂತೆ. ಡಾಕ್ಟರಿಗೆ ನಮ್ಮ ಭಾಷೆ ಬರಲ್ಲ, ಅತ್ತೆಗೆ ಮಗನ ಎದುರು ಸಂಕೋಚ, ಹಾಗಾಗಿ ಹತ್ತು ವರ್ಷದ ಮೊಮ್ಮಗಳೇ ಒಳಗೆ ಕೂತು ಎರಡೂ ಕಡೆಯ ಮಾತು ಹೇಳಿದಳು. ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಅಂತ ಮಾತ್ರೆ ಬರೆದುಕೊಟ್ಟರು. ನಮ್ಮವರಲ್ಲಿ ಇದೆಲ್ಲ ಮಾಮೂಲಿ ಅಲ್ವಾ, ಮಾತ್ರೆ ನಿಲ್ಲಿಸಲಾ?

ಮನಶ್ಶಾಸ್ತ್ರಜ್ಞೆ: ನೀವಾಗೇ ನಿಲ್ಲಿಸಬೇಡಿ. ತೀರಿಕೊಂಡ ಸಂಗಾತಿಯ ದನಿ ಕೇಳಿಸುವುದು ನಿಮ್ಮವರಲ್ಲಿ ಮಾತ್ರ ಅಲ್ಲ, ಎಷ್ಟೋ ಸಮಾಜಗಳಲ್ಲಿ ಕಾಣುತ್ತದೆ. ಅಷ್ಟರಿಂದಲೇ ಸೈಕೋಸಿಸ್ ಅನ್ನೋಕಾಗಲ್ಲ. ಆದರೆ ಆ ದನಿ ಏನು ಹೇಳುತ್ತದೆ? ಊಟ, ನಿದ್ದೆ ಹೇಗಿದೆ?

ಇಬ್ಬನಿ: ನಿದ್ದೆ ಇಲ್ಲ. ಈಗ ಮಗಳನ್ನು ಕೇಳಿದೆ. "ನೀನೂ ಬಂದುಬಿಡು" ಅಂತ ಕರೀತಾರಂತೆ. ಡಾಕ್ಟರಿಗೆ ಅದನ್ನು ಹೇಳೋಕೆ ಭಯ ಆಯ್ತಂತೆ, ಹೇಳಲಿಲ್ಲ.

ಮನಶ್ಶಾಸ್ತ್ರಜ್ಞೆ: ಇದಕ್ಕೇ ಮಕ್ಕಳನ್ನು ದುಭಾಷಿ ಮಾಡಬಾರದು ಅನ್ನೋದು. ಮಗುವನ್ನು ಬೈಯಬೇಡಿ, ಆ ಕೆಲಸ ಅದರದ್ದಲ್ಲ. ಇವತ್ತೇ ಕ್ಲಿನಿಕ್ಕಿಗೆ ಫೋನ್ ಮಾಡಿ, ಈ ಮಾತು ಅವರಿಗೆ ತಲುಪಿಲ್ಲ ಅಂತ ಹೇಳಿ, ದುಭಾಷಿ ಬೇಕು ಅಂತ ಕೇಳಿ. ಫೋನಿನಲ್ಲಿ ಸಿಕ್ಕರೂ ಸಾಕು. ಅಲ್ಲಿವರೆಗೆ ಅತ್ತೆ ಒಬ್ಬರೇ ಇರಬಾರದು, ಮಾತ್ರೆಗಳು ನಿಮ್ಮ ಕೈಯಲ್ಲಿರಲಿ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನೋದು ಸುಳ್ಳು. ಹೌದು ಅಂದರೆ ನೇರ ಎಮರ್ಜೆನ್ಸಿಗೆ. ಮನೋರೋಗ ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ 16 ಪ್ರಶ್ನೆಗಳ ಸಂದರ್ಶನವೊಂದಿದೆ, ಕಲ್ಚರಲ್ ಫಾರ್ಮುಲೇಶನ್ ಇಂಟರ್‌ವ್ಯೂ ಅಂತ. ಏನಾಗಿದೆ, ಯಾಕಾಗಿದೆ ಅಂತ ರೋಗಿಯೇ ತನ್ನ ಮಾತಿನಲ್ಲಿ ಹೇಳುವಂತೆ ಕೇಳುತ್ತಾರೆ. ಅದನ್ನು ಮಾಡುತ್ತೀರಾ ಅಂತ ಡಾಕ್ಟರನ್ನು ಕೇಳಿ. ಅವರು ಅವಸರದಲ್ಲಿ ಕಾಯಿಲೆ ಅಂದಿರಬಹುದು, ನೀವು ಅಷ್ಟೇ ಅವಸರದಲ್ಲಿ ಮಾಮೂಲಿ ಅಂತಿದ್ದೀರಿ. ಅತ್ತೆಯ ಮಾತನ್ನು ಇನ್ನೂ ಯಾರೂ ಪೂರ್ತಿ ಕೇಳಿಲ್ಲ.

ಚುಕ್ಕಿ: ರೇವನ್ಸ್ ಬುದ್ಧಿ ಪರೀಕ್ಷೆಯಲ್ಲಿ ಬರೀ ಚಿತ್ರಗಳು. ಹಾಗಾದ್ರೆ ಯಾವ ಸಂಸ್ಕೃತಿಯ ಮಕ್ಕಳಿಗೂ ಅದು ಒಂದೇ ಅಲ್ವಾ?

ಗಾಳಿಪಟ: ಫಾರ್ವರ್ಡ್ ಬಂದಿದೆ: "ಡಿಪ್ರೆಶನ್ ಪಶ್ಚಿಮದವರ ರೋಗ. ಮಾತ್ರೆ ಬಿಟ್ಟು 21 ದಿನ ಮಾತೃಭಾಷೆಯಲ್ಲೇ ಮಾತಾಡಿ, ಗುಣವಾಗುತ್ತೆ."

ಮನಶ್ಶಾಸ್ತ್ರಜ್ಞೆ: ಇದನ್ನು ನಂಬಿ ಯಾರೂ ಮಾತ್ರೆ ಬಿಡಬೇಡಿ. ಮೇಲೆ ಇಂಥ ಪ್ರಶ್ನೆ ಇರುವಾಗಲೇ ಇದನ್ನು ಹಾಕಬೇಕಿತ್ತಾ? ಅಳಿಸಿ.

ಗಾಳಿಪಟ: ನಾನು ಬರೆದಿದ್ದಲ್ಲ, ಸುಮ್ನೆ ಹಂಚಿದೆ ಅಷ್ಟೆ. ಆದ್ರೆ ಮನಶ್ಶಾಸ್ತ್ರದ ಪ್ರಯೋಗಗಳು ಜಾಸ್ತಿ ಪಶ್ಚಿಮದವರ ಮೇಲೇ ಆಗಿರೋದು ಸುಳ್ಳಾ?

ಹಳೆ ಸೈಕಲ್: ಸುಳ್ಳಲ್ಲ. ಸಂಶೋಧಕ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ಅದನ್ನು ಬರೆದರು. ಪ್ರಮುಖ ಮನಶ್ಶಾಸ್ತ್ರ ಸಂಶೋಧನಾ ಪತ್ರಿಕೆಗಳ ಅಧ್ಯಯನಗಳಲ್ಲಿ ಶೇ. 96ರಷ್ಟು ಜನ, ಪ್ರಪಂಚದ ಶೇ. 12 ಜನಸಂಖ್ಯೆ ಇರುವ ದೇಶಗಳವರು. ಅದಕ್ಕೂ ನಿಮ್ಮ 21 ದಿನಕ್ಕೂ ಏನು ಸಂಬಂಧ?

ಗಾಳಿಪಟ: ಸಂಬಂಧ ಇದೆ. ನಮ್ಮ ನೋವಿಗೆ ಅವರ ಲೇಬಲ್ ಯಾಕೆ?

ಹಳೆ ಸೈಕಲ್: ತಲೆನೋವು, ಸುಸ್ತು ಅಂತಲೇ ಬರುವ ಖಿನ್ನತೆಯೂ ಉಂಟು ಸ್ವಾಮಿ. ಚೀನಾದ ಹುನಾನ್‌ನಲ್ಲಿ ಮನೋವೈದ್ಯ ಕ್ಲೈನ್‌ಮನ್ ನೋಡಿದ್ದು ಅದನ್ನೇ. ಹೆಸರು ಬೇಡ ಅಂದ್ರೆ ಕಾಯಿಲೆ ಹೋಗಲ್ಲ. ಓದಿ ಮಾತಾಡಿ.

ಗಾಳಿಪಟ: ನೀವೇನು ಡಾಕ್ಟರಾ?

ಮನಶ್ಶಾಸ್ತ್ರಜ್ಞೆ: ಇಬ್ಬರೂ ಸಾಕು. ಜಿಂಬಾಬ್ವೆಯಲ್ಲಿ ತರಬೇತಿ ಪಡೆದ ಅಜ್ಜಿಯರು ಬೆಂಚಿನ ಮೇಲೆ ಕೂತು ಜನರ ಜೊತೆ ಮಾತಾಡುತ್ತಾರೆ, ಫ್ರೆಂಡ್‌ಶಿಪ್ ಬೆಂಚ್ ಅಂತ. ಭಾಷೆ, ರೀತಿ ಎಲ್ಲ ಅಲ್ಲಿಯದೇ, ಆದರೂ ಅದನ್ನು ಪ್ರಯೋಗಕ್ಕೆ ಒಡ್ಡಿದರು, 2016ರಲ್ಲಿ ಫಲಿತಾಂಶ ಪ್ರಕಟಿಸಿದರು, ಖಿನ್ನತೆ ಇಳಿದಿತ್ತು. ನಿಮ್ಮ ಫಾರ್ವರ್ಡನ್ನು ಯಾರು ಪರೀಕ್ಷಿಸಿದ್ದಾರೆ? ಇನ್ನೂ ಅಳಿಸಿಲ್ಲ ನೀವು.

ಚುಕ್ಕಿ: ಮೇಡಂ, ನನ್ನ ಪ್ರಶ್ನೆ?

ನೆರಳು: ಥೆರಪಿಸ್ಟ್ ನಮ್ಮ ಭಾಷೆಯವರೇ ಆದ್ರೆ ಒಳ್ಳೇದಾ?

ಮನಶ್ಶಾಸ್ತ್ರಜ್ಞೆ: ಮೊದಲ ಉತ್ತರ ಓದಿ.

ಇಬ್ಬನಿ: ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ದುಭಾಷಿ ಸಿಗ್ತಾರಂತೆ. ನಾನೂ ಒಳಗೆ ಕೂರಲಾ?

ಮನಶ್ಶಾಸ್ತ್ರಜ್ಞೆ: ಅತ್ತೆಯನ್ನೇ ಕೇಳಿ. ಬೇಡ ಅಂದರೆ ಹೊರಗಿರಿ. ರಾತ್ರಿ ಅವರ ಕೋಣೆಯಲ್ಲೇ ಯಾರಾದರೂ ಮಲಗಿ. ಮಗಳಲ್ಲ, ದೊಡ್ಡವರು.