ನೋಟಿಫಿಕೇಶನ್ ‘ರಿಪ್ಲೇಸ್’ ಮಾಡುವುದಕ್ಕೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ,

ಲಿನಕ್ಸ್‌ನಲ್ಲಿ ಶೆಲ್ ಸ್ಕ್ರಿಪ್ಟ್‌ನಿಂದ (ಕಮಾಂಡುಗಳನ್ನು ಬರೆದಿಟ್ಟ ಫೈಲ್) ಡೆಸ್ಕ್‌ಟಾಪ್ ನೋಟಿಫಿಕೇಶನ್ (ಪರದೆಯ ಮೂಲೆಯಲ್ಲಿ ಮೂಡುವ ಸೂಚನೆ) ಕಳಿಸುವ ನೋಟಿಫೈ-ಸೆಂಡ್ ಕಮಾಂಡಿಗೆ ಕನ್ನಡದಲ್ಲಿ ಸಹಾಯ ಪುಟ ಬರೆಯುತ್ತಿದ್ದೇನೆ. ‘ರಿಪ್ಲೇಸ್-ಐಡಿ’ ಅನ್ನುವ ಆಯ್ಕೆಯ ಹತ್ತಿರ ಗಾಡಿ ನಿಂತಿದೆ.

ವಿಷಯ ಇಷ್ಟು. ಬ್ಯಾಕಪ್ ನಡೆಯುತ್ತಿದೆ ಅಂದುಕೊಳ್ಳಿ. ಸ್ಕ್ರಿಪ್ಟು ‘ಶೇ. 10 ಆಯಿತು’, ‘ಶೇ. 20 ಆಯಿತು’ ಅಂತ ಪ್ರತಿ ಸಲ ಹೊಸ ಸೂಚನೆ ಕಳಿಸಿದರೆ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಪರದೆಯ ಮೂಲೆ ತುಂಬಿಹೋಗುತ್ತದೆ. ಅದಕ್ಕೇ ಮೊದಲನೆಯದನ್ನು ಪ್ರಿಂಟ್-ಐಡಿ ಅನ್ನುವ ಆಯ್ಕೆ ಹಾಕಿ ಕಳಿಸುತ್ತೇವೆ. ಅದು ಆ ಸೂಚನೆಯ ಗುರುತಿನ ಸಂಖ್ಯೆ (ಐಡಿ) ಕೊಡುತ್ತದೆ, ಅದನ್ನು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಮುಂದಿನ ಸಲ ರಿಪ್ಲೇಸ್-ಐಡಿ ಜೊತೆ ವಾಪಸ್ ಕೊಟ್ಟರೆ ಹಳೆಯ ಚೌಕದಲ್ಲೇ ಹೊಸ ಮಾತು ಕಾಣುತ್ತದೆ. (ನೋಟಿಫೈ-ಸೆಂಡ್ ಜೊತೆಗೆ ಬರುವ ಲಿಬ್‌ನೋಟಿಫೈ ಲೈಬ್ರರಿಯ ಹಳೆಯ ಆವೃತ್ತಿಗಳಲ್ಲಿ ಇವೆರಡೂ ಇರಲಿಲ್ಲ, ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ಡಿ-ಬಸ್ ವ್ಯವಸ್ಥೆಯ ಜೊತೆ ನೇರವಾಗಿ ಗುದ್ದಾಡಬೇಕಿತ್ತು.)

ಇದಕ್ಕೆ ಏನನ್ನೋಣ? ‘ಐಡಿ ಬದಲಾಯಿಸು’ ಅಂತ ಬರೆದರೆ ಕೆಲಸ ಕೆಟ್ಟಿತು, ಯಾಕಂದ್ರೆ ಇಲ್ಲಿ ಬದಲಾಗದೆ ಉಳಿಯುವುದು ಅದೊಂದೇ! ‘ನವೀಕರಿಸು’ ಅಂದರೆ ಸುಮ್ನೆ ಲೈಸೆನ್ಸ್ ನೆನಪಾಗುತ್ತದೆ. ‘ತಿದ್ದು’ ನನಗೆ ಇಷ್ಟವೇ. ಆದರೆ ತಿದ್ದುವಾಗ ಮಿಕ್ಕದ್ದು ಹಾಗೇ ಇರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಎರಡನೇ ಸಲ ತಲೆಬರಹವನ್ನಷ್ಟೇ ಕಳಿಸಿ ಕೆಳಗಿನ ವಿವರ ಬಿಟ್ಟರೆ ಹಳೆಯ ವಿವರವೂ ಹೋಗಿಬಿಡುತ್ತದೆ. ಅಂದರೆ ಪೂರ್ತಿ ಹೊಸದೇ ಬರುತ್ತದೆ, ಜಾಗ ಮತ್ತು ಸಂಖ್ಯೆ ಮಾತ್ರ ಹಳೆಯದು. ಹಳೆಯದು ಮಿನುಗದೆ, ಕಣ್ಣಿಗೆ ಗೊತ್ತಾಗದೆ ಹೊಸದಕ್ಕೆ ಜಾಗ ಬಿಡಬೇಕು ಅಂತ ಲಿನಕ್ಸ್ ಡೆಸ್ಕ್‌ಟಾಪ್‌ಗಳು ಅನುಸರಿಸುವ ಫ್ರೀಡೆಸ್ಕ್‌ಟಾಪ್ ನಿಯಮದಲ್ಲೂ ಇದೆ.

ಸದ್ಯಕ್ಕೆ ‘ಈ ಸಂಖ್ಯೆಯ ಸೂಚನೆ ಇದ್ದ ಜಾಗದಲ್ಲೇ ತೋರಿಸು’ ಅಂತ ಬರೆದಿದ್ದೇನೆ. ಉದ್ದ ಜಾಸ್ತಿ ಆಯ್ತು, ಆದರೆ ತಪ್ಪು ಅರ್ಥ ಬರುವುದಿಲ್ಲ.

‘ಕ್ಲೋಸ್’ ವಿಷಯದಲ್ಲಿ ಮಾತ್ರ ಕನ್ನಡ ಸಲೀಸು. ಸೂಚನೆ ಯಾಕೆ ಹೋಯಿತು ಅನ್ನುವುದಕ್ಕೆ ಅದೇ ನಿಯಮದಲ್ಲಿ ಅಂಕಿಗಳಿವೆ: 1 ಅಂದರೆ ಹೊತ್ತು ಮುಗಿಯಿತು, 2 ಅಂದರೆ ಬಳಸುವವರೇ ತೆಗೆದರು, 3 ಅಂದರೆ ಪ್ರೋಗ್ರಾಂ ಕೇಳಿ ತೆಗೆಸಿತು. ‘ಮುಚ್ಚಿಕೊಂಡಿತು, ಮುಚ್ಚಿದರು, ಮುಚ್ಚಿಸಿತು’ ಅಂದರೆ ಮುಗೀತು, ಬೇರೆ ವಿವರಣೆಯೇ ಬೇಡ.

ರಿಪ್ಲೇಸ್‌ಗೂ ಹೀಗೇ ಚಿಕ್ಕದೊಂದು ಸಿಗಬಹುದಾ? ‘ಬದಲಿಗೆ ತೋರಿಸು’ ಅಂದರೆ ಸಾಕಾ, ಇಲ್ಲ ‘ಜಾಗದಲ್ಲೇ’ ಅನ್ನುವುದು ಇರಲೇಬೇಕಾ? ಸ್ಕ್ರಿಪ್ಟ್ ಬರೆಯುವವರು ದಿನಾ ಏನನ್ನುತ್ತೀರಿ ಅನ್ನುವುದನ್ನೂ ತಿಳಿಸಿ, ‘ರಿಪ್ಲೇಸ್ ಮಾಡು’ ಅಂತಲೇ ಅನ್ನುವುದಾದರೂ ಪರವಾಗಿಲ್ಲ.