ಷೀಲಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನೋಣ? ಹಟ್ಟಿನಾ, ದೊಡ್ಡಿನಾ?

ಎಲ್ರಿಗೂ ನಮಸ್ಕಾರ. ಬ್ರಿಟನ್ನಿನ ಗುಡ್ಡಗಾಡಿನ ಪುರಾತತ್ವದ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರ್ತಿದೀನಿ, ಷೀಲಿಂಗ್ ಅನ್ನೋ ಪದಕ್ಕೆ ಬಂದು ನಿಂತುಬಿಟ್ಟಿದೆ. ಬೇಸಿಗೆ ಬಂದ್ರೆ ಕಣಿವೆ ಊರಿನವರು, ಜಾಸ್ತಿ ಹೆಂಗಸರು ಮಕ್ಕಳು, ದನ ಹೊಡ್ಕೊಂಡು ಗುಡ್ಡಕ್ಕೆ ಹತ್ತಿ ಸಣ್ಣ ಗುಡಿಸಲಲ್ಲಿದ್ದು ಹಾಲು ಕರೆದು ಬೆಣ್ಣೆ ಚೀಸು ಮಾಡಿ ಚಳಿಗೆ ಮುಂಚೆ ವಾಪಸ್ ಇಳೀತಿದ್ರಲ್ಲ, ಆ ಜಾಗ. ಈಗ ಅಲ್ಲಿ ಉಳಿದಿರೋದು ಕಲ್ಲಿನ ತಳಪಾಯ, ಕುಸಿದ ಗೋಡೆಯ ದಿಬ್ಬ, ಪಕ್ಕದಲ್ಲೊಂದು ತೊರೆ, ಮತ್ತೆ ಸಗಣಿ ಬಿದ್ದೂ ಬಿದ್ದೂ ಇವತ್ತಿಗೂ ಸುತ್ತಲಿಗಿಂತ ಹಸಿರಾಗಿರೋ ಹುಲ್ಲು.

ಅವರಲ್ಲಿ ಇದಕ್ಕೆ ಎಷ್ಟು ಪದ ನೋಡಿ. ವೇಲ್ಸಲ್ಲಿ ಹಾವೊಡ್, ಅಂದ್ರೆ ಬೇಸಿಗೆ ಮನೆ, ಅದರ ಜೋಡಿ ಹೆಂಡ್ರೆ, ಕೆಳಗಿನ ಹಳೇ ಮನೆ. ಐರಿಶಲ್ಲಿ ಬೂಲಿ, ಅದರ ಬೇರು ಹಸು ಅನ್ನೋ ಪದ. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದ ವೈಕಿಂಗರಂತೂ ತಮ್ಮದೇ ಸೆಟರ್ ಅನ್ನೋ ಪದ ಇದ್ರೂ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಗೇಲಿಕ್ ಜನರಿಂದ ಎರ್ಗ್ ಅನ್ನೋದನ್ನ ಎರವಲು ತಗೊಂಡ್ರು, ಉತ್ತರ ಇಂಗ್ಲೆಂಡಿನ ಸೈಜರ್, ಮ್ಯಾನ್ಸರ್ ಅನ್ನೋ ಊರ ಹೆಸರಿನ ಬಾಲದಲ್ಲಿ ಅದು ಇನ್ನೂ ಇದೆ.

ನಮ್ಮಲ್ಲಿ ಹತ್ತಿರ ಬರೋದು ದೊಡ್ಡಿ. ಮಾದೇಶ್ವರ ಬೆಟ್ಟದ ಕಡೆ ಕಾಡೊಳಗೆ ದನ ಕೂಡೋ ಜಾಗಕ್ಕೆ ಹಾಗೇ ಅಂತಾರೆ. ಆದ್ರೆ ಬೇರೆ ಕಡೆ ದೊಡ್ಡಿ ಅಂದ ತಕ್ಷಣ ಬೀಡಾಡಿ ದನ ಕೂಡಿಹಾಕೋದೇ ನೆನಪಾಗತ್ತೆ, ಅಲ್ಲಿ ಜನ ವಾಸ ಇದ್ರು ಅನ್ನೋದು ಹೊಳೆಯಲ್ಲ. ಹಟ್ಟಿ ಅಂದ್ರೆ ಮನೆ, ಕೊಟ್ಟಿಗೆ, ಕೇರಿ ಎಲ್ಲಾ ಬರತ್ತೆ, ಆದ್ರೆ ಗೊಲ್ಲರಹಟ್ಟಿ ಥರ ಖಾಯಂ ಊರು ಅನ್ಸತ್ತೆ. ಸರಿ, ಬೇಸಿಗೆ ಹಟ್ಟಿ ಅನ್ನೋಣ ಅಂದ್ರೆ ಅದೇ ದೊಡ್ಡ ತೊಡಕು. ನಮಗೆ ಬೇಸಿಗೆ ಅಂದ್ರೆ ಹುಲ್ಲು ಒಣಗೋ ಕಾಲ, ಅವರಿಗೆ ಹುಲ್ಲು ಚಿಗುರೋ ಕಾಲ! ಓದೋರು ಮೇವಿಲ್ಲದೆ ಗುಳೆ ಹೋದ್ರು ಅನ್ಕೋತಾರೆ.

ಇನ್ನೊಂದು. ಯಾರ್ಕ್‌ಷೈರಿನ ರಿಬ್ಬಲ್‌ಹೆಡ್ಡಲ್ಲಿ 1970ರ ದಶಕದಲ್ಲಿ ಅಗೆದಾಗ ಉದ್ದನೆ ಮನೆ, 9ನೇ ಶತಮಾನದ ನಾಣ್ಯ, ಬೀಸೋ ಕಲ್ಲು ಎಲ್ಲಾ ಸಿಕ್ತು, ಹಾಗಾಗಿ ಅದು ಬರೀ ಬೇಸಿಗೆ ತಂಗುದಾಣನಾ ವರ್ಷಪೂರ್ತಿ ಒಕ್ಕಲುಮನೆನಾ ಅನ್ನೋ ಚರ್ಚೆ ಇದೆ. ಅಂಥ ಜಾಗಕ್ಕೆ ಬರೀ ಹಟ್ಟಿ ಅಂತ್ಲೇ ಇಡ್ತೀನಿ, ಪದನೇ ತೀರ್ಪು ಕೊಡಬಾರದು.

ಉಳಿದವಕ್ಕೆ ಸದ್ಯಕ್ಕೆ ಮೇವುಗಾಲದ ಹಟ್ಟಿ ಅಂತ ಬರೆದಿಟ್ಟಿದೀನಿ, ನಾನೇ ಕಟ್ಟಿದ್ದು, ಬಾಯಿಗೆ ಹತ್ತಿಲ್ಲ. ದನ ಹೊಡ್ಕೊಂಡು ಬೆಟ್ಟದಲ್ಲಿ ತಿಂಗಳುಗಟ್ಟಲೆ ಇದ್ದು ಬರೋರ ಮನೆಯವರು ಯಾರಾದ್ರೂ ಇದ್ರೆ, ನಿಮ್ಮ ಕಡೆ ಆ ಜಾಗಕ್ಕೆ ಏನಂತಾರೆ, ದಯವಿಟ್ಟು ಹೇಳಿ.